ಇಪ್ಪತ್ತು ಗ್ರಾಂ

ಬಾಳೂರಿನ ಹಾಲೇಶಪ್ಪನ ದಿನಸಿ ಅಂಗಡಿಯಲ್ಲಿ ಅರ್ಧ ಕೆಜಿ ತೂಕದ ಕಲ್ಲು ಎರಡಿದ್ದವು. ಒಂದು ತಕ್ಕಡಿ ಪಕ್ಕದಲ್ಲಿ, ದಿನಾ ಕೈಯಾಡುವಂಥದ್ದು. ಇನ್ನೊಂದು ಡ್ರಾಯರಿನ ಒಳಗೆ, ಅಳತೆ-ತೂಕದ ಇಲಾಖೆಯವರು ಬಂದರೆ ಮಾತ್ರ ಹೊರಗೆ ಬರುವಂಥದ್ದು. ಮೊದಲನೆಯದರ ಅಡಿಯಲ್ಲಿದ್ದ ಸೀಸವನ್ನು ಹದಿನೆಂಟು ವರ್ಷದ ಹಿಂದೆ ಇವನೇ ಸ್ಕ್ರೂಡ್ರೈವರಿನಲ್ಲಿ ಕೆತ್ತಿ ತೆಗೆದು, ಮೇಣ ಮೆತ್ತಿ, ಕರಿ ಬಣ್ಣ ಬಳಿದಿದ್ದ. ಇಪ್ಪತ್ತು ಗ್ರಾಂ ಕಮ್ಮಿ. ಅದೇನು ಮಹಾ ಅಂತೀರಾ? ಎಸ್ಟೇಟಿನ ಆಳುಗಳು ವಾರವಾರ ಬಂದು ಸಕ್ಕರೆ, ಬೇಳೆ ಒಯ್ಯುತ್ತಲೇ ಇದ್ದರು, ಆ ಇಪ್ಪತ್ತು ಗ್ರಾಂ ಅಂಗಡಿಯಲ್ಲೇ ಉಳಿಯುತ್ತಲೇ ಇತ್ತು. "ಕರೆಂಟಿನ ತಕ್ಕಡಿ ನಂಬಕ್ಕಾಗಲ್ಲ ಮಾರಾಯ, ಮಳೆಗಾಲದಲ್ಲಿ ಹುಚ್ಚುಹುಚ್ಚು ತೋರಿಸ್ತದೆ" ಅಂತ ಉಪದೇಶ ಬೇರೆ ಮಾಡುತ್ತಿದ್ದ, ಭೂಪ!

ಇಂಥವನ ಮಗಳು ರಂಜಿತಾ. ಚಿಕ್ಕಮಗಳೂರಿನಲ್ಲಿ ಬಿ.ಕಾಂ ಓದುತ್ತಿದ್ದಳು, ಏರ್ ಪಿಸ್ತೂಲಿನಲ್ಲಿ ಗುರಿ ಹೊಡೆಯುವ ಹುಚ್ಚು ಹತ್ತಿಸಿಕೊಂಡಿದ್ದಳು. ಕಾಲೇಜಿನ ಪಿಸ್ತೂಲು ಹಳೆಯದು, ಟ್ರಿಗರ್ ವಿಪರೀತ ಬಿಗಿ. ಅದನ್ನು ಎಳೆಯುವಷ್ಟರಲ್ಲಿ ಕೈ ಜಗ್ಗಿ ಗುರಿ ಕೆಳಕ್ಕೆ ಹೋಗುತ್ತಿತ್ತು. ಮುಂದಿನ ಭಾನುವಾರ ಜಿಲ್ಲಾ ಆಯ್ಕೆ. ರಾಜ್ಯದ ಪಂದ್ಯಕ್ಕೆ ಜಿಲ್ಲೆಯಿಂದ ಒಬ್ಬಳೇ ಹುಡುಗಿ. ಕೋಚ್ ಹತ್ತಿರ ಕೇಳಿಕೊಂಡು ಪಿಸ್ತೂಲನ್ನು ಊರಿಗೆ ತಂದಳು. ಕಳೆ ಕೊಯ್ಯುವ ಮಿಷಿನ್ನು, ಔಷಧಿ ಹೊಡೆಯುವ ಪಂಪು ರಿಪೇರಿ ಮಾಡುವ ತಾಹಾನ ಕೈಗೆ ಕೊಟ್ಟಳು. ಚಿಕ್ಕ ಸ್ಪ್ರಿಂಗು, ಚಿಕ್ಕ ಸ್ಕ್ರೂ ಅಂದರೆ ಸುತ್ತಮುತ್ತ ಅವನಷ್ಟು ನಾಜೂಕು ಕೈ ಇನ್ನೊಂದಿರಲಿಲ್ಲ.

ನಿಯಮ ಸರಳ. ಟ್ರಿಗರಿಗೆ ಐನೂರು ಗ್ರಾಂ ತೂಕ ಕಟ್ಟಿ ಪಿಸ್ತೂಲು ಎತ್ತಿದರೂ ಅದು ಟಕ್ ಅಂತ ಬಿಟ್ಟುಕೊಳ್ಳಬಾರದು. ಬಿಟ್ಟರೆ ಆಟಗಾರ್ತಿ ಹೊರಕ್ಕೆ.

"ಐನೂರು ಹೊರಬೇಕು, ಅದರ ಮೇಲೆ ಕೂದಲೆಳೆಯಷ್ಟೂ ಬಿಗಿ ಬೇಡ, ಅಲ್ವಾ? ಅಂದಾಜಲ್ಲಿ ಆಗೋ ಕೆಲ್ಸ ಅಲ್ಲ ಇದು" ಅಂದ ತಾಹಾ. "ಅಂಗಡಿಗೆ ಹೋಗಿ ನಿಮ್ಮಪ್ಪನ ಅರ್ಧ ಕೆಜಿ ಕಲ್ಲು ತಗೊಂಬಾ."

ರಂಜಿತಾ ಓಡಿಬಂದಾಗ ಹಾಲೇಶಪ್ಪ ಎಸ್ಟೇಟಿನ ಆಳು ಕೃಷ್ಣಮ್ಮನಿಗೆ ಅದೇ ಕಲ್ಲಿಟ್ಟು ಸಕ್ಕರೆ ತೂಗಿ, ಪೊಟ್ಟಣ ಕಟ್ಟುತ್ತಿದ್ದ. ಮಗಳು ವಿಷಯ ಹೇಳಿದಳು. ಅವನ ಕೈ ತಾನಾಗಿಯೇ ಡ್ರಾಯರಿನ ಕಡೆ ಹೋಯಿತು. ಹೋಗಿ ನಿಂತಿತು. ಕೃಷ್ಣಮ್ಮ ಎದುರಿಗೇ ಇದ್ದಾಳೆ. ಕಣ್ಣೆದುರು ಒಂದು ಕಲ್ಲಿರುವಾಗ ಒಳಗಿನಿಂದ ಇನ್ನೊಂದು ಯಾಕಣ್ಣ ಅಂತ ಕೇಳಿದರೆ? ಪಾಪ, ಅವಳು ಕೇಳುವವಳೇ ಅಲ್ಲ. ಆದರೆ ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನಿಗೆ ಅದೆಲ್ಲ ಹೊಳೆಯುತ್ತದಾ? ತಕ್ಕಡಿ ಪಕ್ಕದ್ದನ್ನೇ ಎತ್ತಿ ಕೊಟ್ಟ. ಸಂಜೆ ಹೇಳಿದರಾಯಿತು ಅಂದುಕೊಂಡ.

ಸಂಜೆ ಅವಳು ಕುಣಿಯುತ್ತಾ ಬಂದಳು. "ಬೆಣ್ಣೆ ಥರ ಆಗಿದೆ ಅಪ್ಪ! ಬೆರಳಿಟ್ಟರೆ ಸಾಕು." ಹಾಲೇಶಪ್ಪ ಹೂಂ ಅಂದ. ಮಾರನೇ ದಿನ ಅವಳು ಕಾಲೇಜಿಗೆ ಹೋದ ಮೇಲೆ ಫೋನಿನಲ್ಲಿ ಹೇಳೋಣ ಅಂದುಕೊಂಡ. ಆಮೇಲೆ ಗುರುವಾರ. ಆಮೇಲೆ ಶನಿವಾರ. ಏನಂತ ಹೇಳುವುದು? ನಿಮ್ಮಪ್ಪ ಕಳ್ಳ ಅಂತಲಾ?

ಭಾನುವಾರ ಹಾಲೇಶಪ್ಪನ ಜೊತೆ ತಾಹಾನೂ ಅಂಗಡಿ ಮುಚ್ಚಿ ಪಂದ್ಯ ನೋಡಲು ಚಿಕ್ಕಮಗಳೂರಿಗೆ ಬಂದ. ಬಾಗಿಲಲ್ಲೇ ಒಂದು ಮೇಜು, ಅದರ ಮೇಲೆ ಪಂದ್ಯದವರ ತೂಕ. ಬೇಕಾದವರು ಮೊದಲೇ ಪರೀಕ್ಷಿಸಿಕೊಳ್ಳಬಹುದಿತ್ತು. ಸಾಲು ಮಾತ್ರ ಮೆಟ್ಟಿಲವರೆಗೆ.

"ಯಾವುದಕ್ಕೂ ಒಂದ್ಸಲ ನೋಡಿಸಿಬಿಡು" ಅಂದ ತಾಹಾ.

"ಬೇಡ ತಾಹಾ ಅಣ್ಣ, ಈ ಸಾಲಲ್ಲಿ ನಿಂತ್ರೆ ಕೈ ಸೋತು ಹೋಗ್ತದೆ. ನಮ್ಮಪ್ಪನ ಕಲ್ಲಲ್ಲಿ ನೋಡಿದ್ದಲ್ವಾ, ಇನ್ನೇನು?"

ಹಾಲೇಶಪ್ಪ ಬಾಯಿ ತೆರೆದ. ಮಗಳೂ ತಾಹಾನೂ ಅವನ ಕಡೆ ತಿರುಗಿದರು. "ನೀರು ಕುಡಿದು ಹೋಗು ಮಗಾ" ಅಂದ. ಥೂ, ಅವನ ಬಾಯಿಗಿಷ್ಟು!

ಅವತ್ತು ರಂಜಿತಾ ಹೊಡೆದದ್ದೇ ಹೊಡೆದದ್ದು. ಎರಡನೆಯವಳಿಗಿಂತ ಒಂಬತ್ತು ಅಂಕ ಮುಂದೆ. ಕೋಚ್ ಕುರ್ಚಿಯಿಂದ ಎದ್ದೇಬಿಟ್ಟ. ಪಂದ್ಯ ಮುಗಿದ ಮೇಲೆ ಚೀಟಿ ಎತ್ತಿ ಇಬ್ಬರ ಪಿಸ್ತೂಲು ಪರೀಕ್ಷೆ ಮಾಡುವ ಪದ್ಧತಿ. ಎರಡನೇ ಚೀಟಿಯಲ್ಲಿ ಇವಳ ಹೆಸರು ಬಂತು. ತೀರ್ಪುಗಾರರು ಟ್ರಿಗರಿಗೆ ತೂಕ ಸಿಕ್ಕಿಸಿ ಮೆಲ್ಲಗೆ ಎತ್ತಿದರು. ಟಕ್. ಇನ್ನೊಮ್ಮೆ ಎತ್ತಿದರು. ಟಕ್. ಮೂರನೇ ಸಲವೂ ಅಷ್ಟೇ. ಪಟ್ಟಿಯಲ್ಲಿ ರಂಜಿತಾಳ ಹೆಸರಿನ ಮೇಲೆ ಗೀಟು ಎಳೆದರು.

ಕೋಚ್ ಉರಿದುಬಿದ್ದ. "ಹುಲ್ಲು ಕೊಯ್ಯೋ ಮಿಷಿನ್ ರಿಪೇರಿಯವನ ಕೈಗೆ ಕೊಟ್ರೆ ಇನ್ನೇನಾಗ್ತದೆ?"

ತಾಹಾನ ಮುಖ ಬಿಳುಚಿಕೊಂಡಿತು. "ಸ್ಕ್ರೂ ಸಡಿಲ ಆಗಿರಬೇಕು. ನನ್ನದೇ ತಪ್ಪು ತಂಗಿ" ಅಂದ. ಕೈ ಎಲ್ಲಿಡುವುದು ಅಂತ ತಿಳಿಯದೆ ಪ್ಯಾಂಟಿಗೆ ಒರೆಸಿಕೊಳ್ಳುತ್ತಿದ್ದ.

ಹಾಲೇಶಪ್ಪನಿಗೆ ಒಂದು ಗಳಿಗೆ, ಒಂದೇ ಗಳಿಗೆ, ಎದೆ ಹಗುರವಾಯಿತು. ಸದ್ಯ, ಬಚಾವ್! ಹಾಗನ್ನಿಸಿದ್ದು ಗೊತ್ತಾದ ಕೂಡಲೇ ಅವನಿಗೆ ತನ್ನ ಮೇಲೆ ಅಸಹ್ಯ ಹುಟ್ಟಿತು. ಹದಿನೆಂಟು ವರ್ಷ ಆಗದಿದ್ದ ನಾಚಿಕೆ ಒಟ್ಟಿಗೇ ಬಂದು ಮೈಯೆಲ್ಲ ಸುಟ್ಟಿತು. ಉಪ್ಪು ತಿಂದವನು ನೀರು ಕುಡಿಯಬೇಕು ಅನ್ನುತ್ತಾರೆ. ಇಲ್ಲಿ ತಿಂದವನು ಒಬ್ಬ, ಕುಡಿಯುವವರು ಇಬ್ಬರು.

"ತಾಹಾನದ್ದಲ್ಲ" ಅಂದ. ಮತ್ತೆ ಹೇಳಿದ. "ತಾಹಾನ ತಪ್ಪಲ್ಲ. ಕಲ್ಲೇ ಸರಿ ಇಲ್ಲ. ಇಪ್ಪತ್ತು ಗ್ರಾಂ ಕಮ್ಮಿ ಇದೆ. ನಾನೇ ಕೆತ್ತಿದ್ದು."

ತಾಹಾ ನೆಲ ನೋಡಿದ. ಮಗಳು ಬೈದಿದ್ದರೆ, ಅತ್ತಿದ್ದರೆ ಅವನು ತಡೆದುಕೊಳ್ಳುತ್ತಿದ್ದನೇನೋ.

"ಯಾವಾಗಿಂದ?" ಅಂತ ಕೇಳಿದಳು.

"ನಿಂಗೆ ಆಗ ಒಂದು ವರ್ಷ."

ರಂಜಿತಾ ತನ್ನ ಬಲಗೈಯನ್ನೇ ನೋಡಿಕೊಂಡಳು. "ಹೈಸ್ಕೂಲು ರಜೆಯಲ್ಲೆಲ್ಲ ಅಂಗಡೀಲಿ ಕೂತು ತೂಗಿದ್ದು ನಾನಲ್ವಾ ಅಪ್ಪ? ಎಸ್ಟೇಟಿನ ಲೈನ್ ಮನೆಯವ್ರೆಲ್ಲ, 'ನಿಮ್ಮಪ್ಪನಿಗಿಂತ ನಿನ್ನ ಕೈ ಧಾರಾಳ, ನೀನೇ ತೂಗು ಮಗಾ' ಅಂತಿದ್ರು. ನಾನು ಖುಷಿಯಾಗಿ ತೂಗಿ ಕೊಡ್ತಿದ್ದೆ."



ಬಸ್ಸಿನಲ್ಲಿ ಅವಳು ತಾಹಾನ ಪಕ್ಕ ಕೂತಳು. ಮುಂದೆ, ಹಿಂದೆ ಸೀಟುಗಳು ಖಾಲಿ ಇದ್ದವು. ಹಾಲೇಶಪ್ಪ ಮೂಡಿಗೆರೆಯವರೆಗೂ ನಿಂತುಕೊಂಡೇ ಬಂದ. ಕಂಡಕ್ಟರ್ ಎರಡು ಸಲ ಕೂತ್ಕೊಳ್ಳಿ ಅಂದ.