ಮಂಚದ ಗಿರಾಕಿ

ಬಂದವನು ನಿಜವಾದ ಗಿರಾಕಿ ಎಂದು ಮೇಷ್ಟ್ರಿಗೆ ಹೊಳೆಯುವಷ್ಟರಲ್ಲಿ ಮ್ಯಾನೇಜರ್ ಹುಡುಗಿ ಅವನನ್ನು ಕೂರಿಸಿ ನೀರು ಕೊಟ್ಟಾಗಿತ್ತು.

ವಿಶ್ವವಿದ್ಯಾಲಯದ ಈ ಮಂಚ-ಮೇಜಿನ ಅಂಗಡಿಯಲ್ಲಿ ಮಾರುವ ಸಾಮಾನೊಂದನ್ನು ಬಿಟ್ಟು ಎಲ್ಲವೂ ಇತ್ತು: ಬೋರ್ಡು, ಫೋನು, ಮ್ಯಾನೇಜರು. ವಿದ್ಯಾರ್ಥಿಗಳು ವ್ಯಾಪಾರ ಕಲಿಯಲೆಂದು ತೆರೆದದ್ದು. ಗಿರಾಕಿಗಳೂ ಅವರ ಸಹಪಾಠಿಗಳೇ. ಮಾರಾಟವಾದ ಮೇಲೆ ಆ ಇಲ್ಲದ ಸಾಮಾನನ್ನು ಇಬ್ಬರು ಹೊತ್ತು, ಭಾರಕ್ಕೆ ಬಾಗಿ, ಬಾಗಿಲಲ್ಲಿ ಓರೆಯಾಗಿ ಒಳಬಂದು ಇಳಿಸಬೇಕು. ಅದು ಮೇಷ್ಟ್ರೇ ಮಾಡಿದ ನಿಯಮ. ಹುಡುಗರು ನಗುತ್ತ ಹೊರುತ್ತಿದ್ದರು, ಫೇಲಾಗುತ್ತಿದ್ದರು.

ಇವತ್ತು ಪರೀಕ್ಷಕಿ ಬಂದು ಕೂತಿದ್ದರು. ಈ ಸಲವೂ ಹುಡುಗರು ಕಳಪೆಯಾದರೆ ಅಂಗಡಿಗೆ ಬೀಗ; ಮೇಷ್ಟ್ರ ನೌಕರಿಗೂ ಅದೇ ಗತಿ. ಮಗನ ಸ್ಕೂಲು ಬಿಡಿಸೋದು ಯಾವಾಗ ಎಂದಷ್ಟೇ ಹೆಂಡತಿ ಬೆಳಿಗ್ಗೆ ಕೇಳಿದ್ದಳು.

ಬೋರ್ಡು ನೋಡಿ ಬಂದ ಗಿರಾಕಿಗೆ ಮಂಚ ಬೇಕಿತ್ತು. ಅಮ್ಮನಿಗೆ ಬೆನ್ನಿನ ಆಪರೇಷನ್ ಆಗಿದೆ, ಇವತ್ತೇ ಮನೆಗೆ ಕರೆತರಬೇಕು, ಹಳೇ ಮಂಚ ಮುರಿದಿದೆ. ಹುಡುಗಿ ಅಳತೆ ಕೇಳಿದಳು. ಎಷ್ಟು ಎತ್ತರವಿದ್ದರೆ ಅಮ್ಮನಿಗೆ ಇಳಿಯಲು ಸುಲಭ ಎಂದು ವಿಚಾರಿಸಿದಳು. ಇಷ್ಟು ಚೆನ್ನಾಗಿ ಅವಳು ಯಾವತ್ತೂ ಮಾಡಿರಲಿಲ್ಲ. ಅವನೂ ಮೇಷ್ಟ್ರೇ ಕಳಿಸಿದ ನಟನೆಯ ಗಿರಾಕಿ ಎಂದು ಅವಳು ಭಾವಿಸಿದ್ದಳು, ಪರೀಕ್ಷಕಿಯೂ ಹಾಗೆಯೇ ಅಂದುಕೊಂಡಿದ್ದರು.

"ಸಂಜೆಗೆ ಬಂದ್ಬಿಡುತ್ತಲ್ವಾ ಸಾರ್?" ಗಿರಾಕಿ ಮೇಷ್ಟ್ರ ಕಡೆ ತಿರುಗಿದ.

ಇಲ್ಲ ಎಂಬ ಒಂದು ಮಾತು ಸಾಕಿತ್ತು. ಪರೀಕ್ಷಕಿಯ ಪೆನ್ನು ನಿಂತಿತ್ತು.

"ಬರುತ್ತೆ," ಎಂದರು.

ಗಿರಾಕಿ ವಿಳಾಸ ಬರೆಸಿ ಹೊರಟ. ಪರೀಕ್ಷಕಿ ಹೋದಮೇಲೆ ಅವನ ಹಿಂದೆ ಓಡಿಹೋಗಿ ನಿಜ ಹೇಳಿದರಾಯಿತು ಎಂದು ಮೇಷ್ಟ್ರು ಅಂದುಕೊಂಡರು. ಪರೀಕ್ಷಕಿಯೋ ಏಳಲೇ ಇಲ್ಲ. ಹುಡುಗರು ದಿಢೀರನೆ ಸುಧಾರಿಸಲು ಕಾರಣವೇನು ಎಂದು ಕೇಳಿದರು. ಗಿರಾಕಿ ಒಳ್ಳೆಯವನಿದ್ದ, ಎಂದರು ಮೇಷ್ಟ್ರು. ಪರೀಕ್ಷಕಿ ನಕ್ಕು, ಅಂಗಡಿ ಮುಂದುವರಿಯಲಿ ಎಂದರು.

ಸಂಜೆ ಅವನ ಮನೆ ಹುಡುಕಿಕೊಂಡು ಹೊರಟಾಗ ಥೂ, ಎಂಥ ಹೇಡಿ ನಾನು ಅನ್ನಿಸಿತು. ದಾರಿಯಲ್ಲಿದ್ದ ನಿಜವಾದ ಮಂಚದ ಅಂಗಡಿಯವನು ಬಾಗಿಲು ಎಳೆಯುತ್ತಿದ್ದ. ಒಂದು ಮಂಚ ಬೇಕಿತ್ತು ಎಂದರೆ, ನಾಳೆ ಬನ್ನಿ ಅಂದ.

ಆ ಮನೆಯ ಬಾಗಿಲು ತೆರೆದೇ ಇತ್ತು. ಹಳೇ ಮಂಚದ ತುಂಡುಗಳನ್ನು ಹೊರಗೆ ಎಸೆದಿದ್ದರು. ಒಳಗೆ ಮಂಚದಷ್ಟಗಲ ನೆಲ ತೊಳೆದು ಒರೆಸಿದ್ದರು. ಪಕ್ಕದಲ್ಲಿ ತಾಯಿ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು, ಹಲ್ಲು ಕಚ್ಚಿಕೊಂಡು ಕೂತಿದ್ದಳು.

"ಬಂತಮ್ಮ. ಇನ್ನು ಮಲ್ಕೋಬಹುದು," ಎಂದ ಮಗ, ಮೇಷ್ಟ್ರನ್ನು ಕಂಡು.

ಮೇಷ್ಟ್ರ ಕೈಗಳು ತಾವಾಗಿಯೇ ಮುಂದೆ ಚಾಚಿದವು, ಇಲ್ಲದ ಮಂಚದ ಭಾರಕ್ಕೆ ಬೆನ್ನು ಬಾಗಿತು. ಬಾಗಿಲಲ್ಲಿ ಓರೆಯಾಗಿ ಒಳಗೆ ಹೆಜ್ಜೆಯಿಟ್ಟರು. ಮಗ ಅವರ ಹಿಂದಿನ ಖಾಲಿ ಬೀದಿಯನ್ನೇ ನೋಡುತ್ತ, ದಾರಿ ಬಿಟ್ಟು ಗೋಡೆಗೆ ಒತ್ತಿ ನಿಂತ.