ಕಿವಿಯಲ್ಲಿ ಹೇಳಿದ ಎರಡನೇ ಚರಣ

ಅಕ್ಕನ ಕರೋಕೆ ಹಾಲಿನಲ್ಲಿ ಗೋಡೆಯ ತೆರೆಗೆ ಬೆಡ್‌ಶೀಟು ಹೊದಿಸಿ ಮೂರನೇ ವಾರ. ಟ್ಯೂನು ನುಡಿಸಲು ನಮಗೆ ಅನುಮತಿಯಿತ್ತು, ಜನರ ಮುಂದೆ ಹಾಡಲೂ ಇತ್ತು. ಹಾಡಿನ ಸಾಲುಗಳನ್ನು ತೆರೆಯ ಮೇಲೆ ಓಡಿಸಲು ಮಾತ್ರ ಬೇರೆಯೇ ಅನುಮತಿ ಬೇಕಂತೆ; ಅದು ಇರಲಿಲ್ಲ. ಹಾಡುಗಳ ಹಕ್ಕುದಾರರ ಸಂಘದ ತಪಾಸಣೆಯವನು ಫೋನು ಮಾಡಿ ಗದರಿದ್ದ: ಇನ್ನೊಂದು ತಪ್ಪು ಕಂಡರೆ ಇರುವ ಅನುಮತಿಯೂ ರದ್ದು, ಹಾಲಿಗೆ ಬೀಗ. ಅಕ್ಕ ಅರ್ಜಿ ಹಾಕಿ ಕಾಯುತ್ತಿದ್ದಳು.

"ರಾಯಧನ ಕೊಡೋಣ ಅಂದ್ರೆ ರಾಯರೇ ಸಿಗ್ತಿಲ್ಲ," ಎಂದು ಭಾವ ಬಂದವರಿಗೆಲ್ಲ ಹೇಳುತ್ತಿದ್ದ. ಅಕ್ಕ ನಗುತ್ತಿರಲಿಲ್ಲ. ಬಾಗಿಲು ಕಿರ್ ಎಂದಾಗಲೆಲ್ಲ ಎದ್ದು ನಿಲ್ಲುತ್ತಿದ್ದಳು.

ಸಾಲು ಕಾಣದಿದ್ದರೆ ಹಾಡುವುದು ಹೇಗೆ? ಪಲ್ಲವಿ ಮುಗಿದರೆ ಎಲ್ಲರೂ ಲಲಲ. ಗಿರಾಕಿಗಳು ಕಮ್ಮಿಯಾಗತೊಡಗಿದಾಗ ನಾನೊಂದು ಉಪಾಯ ಹೂಡಿದೆ. ವೇದಿಕೆಯ ಪಕ್ಕದ ಸಾಮಾನು ಕೋಣೆಯಲ್ಲಿ ಕೂತು, ಮೆಷಿನ್ನಿನ ಪುಟ್ಟ ತೆರೆ ನೋಡುತ್ತ, ಹಾಡುವವರ ಕಿವಿಯ ಇಯರ್‌ಫೋನಿಗೆ ಸಾಲುಗಳನ್ನು ಒಂದು ಉಸಿರು ಮುಂಚೆ ಉಸುರುವುದು. ಅದೂ ಅವರವರ ದನಿಯಲ್ಲೇ; ಯಾರ ದನಿಯನ್ನಾದರೂ ಅನುಕರಿಸುವುದು ನನಗೆ ಚಿಕ್ಕಂದಿನ ಚಟ. ವಾರವೂ ಹಾಡಲು ಬರುವ ಹಲ್ಲಿನ ಡಾಕ್ಟರಿಗೆ ಅವರದೇ ಮೂಗಿನ ದನಿ ಕಿವಿಗೆ ಬಿದ್ದರೆ ನಾಲಿಗೆ ತಾನಾಗಿ ಹೊರಳುತ್ತಿತ್ತು. ಬೇರೆ ದನಿಯಾದರೆ, "ಯಾರಪ್ಪಾ ನೀನು?" ಎಂದು ಮೈಕಿನಲ್ಲೇ ಕೇಳಿಬಿಡುತ್ತಿದ್ದರು.

ಶನಿವಾರ ಸಂಜೆ ತಪಾಸಣೆಯವನು ಬಂದೇ ಬಂದ.

"ಹಾಡು ನಡೀಲಿ. ನಾನು ಸುಮ್ನೆ ಕೂತಿರ್ತೀನಿ. ಗೊತ್ತಾಯ್ತಲ್ಲ?"

ಭಾವ ನಗು ತಡೆಯಲಾರದೆ ಸೋಡಾ ತರುವ ನೆಪದಲ್ಲಿ ಓಡಿದ. ಆ 'ಗೊತ್ತಾಯ್ತಲ್ಲ'ವನ್ನು ನಾನು ಮೂರು ವಾರದಿಂದ ಊಟದ ಹೊತ್ತಿಗೆಲ್ಲ ಅನುಕರಿಸಿದ್ದೆ. ಈಗ ಅಸಲಿಯೇ ನಕಲಿಯಂತೆ ಕೇಳಿಸಿತ್ತು.

ಅಕ್ಕ ಕೋಣೆಗೆ ನುಗ್ಗಿ ಪುಟ್ಟ ತೆರೆಯ ವೈರನ್ನೇ ಕಿತ್ತು ಕೈಚೀಲಕ್ಕೆ ತುರುಕಿದಳು. "ಬಾಯಿಪಾಠದಲ್ಲಿ ಹೇಳು. ಎಮ್ಮೆ ಮೇಯಿಸೋ ಥರ ಎಮ್ಮೆ ಮಾಡಿದ್ದೀಯಲ್ಲ, ಅಷ್ಟಕ್ಕಾದ್ರೂ ಬರ್ಲಿ."

"ಎಂ.ಎ. ಕಣೇ."

"ಅದೇ."

ಮೊದಲ ನಾಲ್ವರು ತಾವು ದಿನಾ ಹಾಡುವುದನ್ನೇ ಹಾಡಿದರು, ಬಚಾವು. ಆಮೇಲೆ ತಪಾಸಣೆಯವನು ಶರ್ಟಿನ ತುದಿ ಎಳೆದುಕೊಂಡು ಎದ್ದ.

"ನಾನೂ ಒಂದು ಹಾಡ್ತೀನಿ."

ಆತ ಕೇಳಿದ್ದು ಕಿಟಕಿಯ ಬಗೆಗಿನ ಒಂದು ಹಳೆಯ ಸಿನಿಮಾ ಹಾಡು. ಭಾವ ಅಭ್ಯಾಸಬಲದಿಂದ ಇಯರ್‌ಫೋನು ಸಿಕ್ಕಿಸಿಯೇಬಿಟ್ಟ. ನಾನು ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಆ ಹಾಡಿನ ಪಲ್ಲವಿಯೂ ಮೊದಲ ಚರಣವೂ ನನಗೆ ಬರುತ್ತಿದ್ದವು. ಎರಡನೆಯದು ದೇವರಾಣೆ ಬರುತ್ತಿರಲಿಲ್ಲ.

ಆತನಿಗೂ ಬರುತ್ತಿರಲಿಲ್ಲ. ಮೊದಲ ಚರಣ ಚೆನ್ನಾಗಿ ಹಾಡಿದ. ಎರಡನೆಯದಕ್ಕೆ ಬಾಯಿ ತೆರೆದು ಹಾಗೇ ನಿಂತ. ತಾಳ ಓಡುತ್ತಿತ್ತು. ಆತನ ಕುತ್ತಿಗೆ ಕೆಂಪಾಯಿತು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಹೀಗೆ ಅವಮಾನವಾಗಿ ಇಳಿದವನು ನಮ್ಮ ಬಗ್ಗೆ ಏನು ಬರೆಯುತ್ತಾನೆ? ಅಕ್ಕ ನನ್ನ ಬಾಗಿಲಿನತ್ತ ಬೆಂಕಿ ಉಗುಳುವಂತೆ ನೋಡಿದಳು.

ನಾನು ಸುತ್ತ ನೋಡಿದೆ. ಏಣಿ, ಬಕೆಟ್ಟು, ಪೊರಕೆ. ಆತನ ದನಿಯಲ್ಲೇ ಉಸುರಿದೆ:

"ಏಣಿಯ ಏರಿದೆ ನಿನ್ನಯ ನೆನಪು,
ಬಕೆಟ್ಟಿನ ತುಂಬಾ ಕಂಗಳ ಹೊಳಪು..."

ಆತ ಹಾಡಿದ! ತನ್ನದೇ ದನಿ ಹೇಳಿದ್ದನ್ನು ನಂಬದೇ ಇರುವುದು ಹೇಗೆ?

"ಪೊರಕೆಯ ಹಾಗೆ ಗುಡಿಸಿದೆ ನನ್ನ,
ಮೂಲೆಗೆ ಒರಗಿ ಕಾದಿಹೆ ನಿನ್ನ."

ಹಿಂದಿನ ಸಾಲಿನಲ್ಲಿ ಯಾರೋ 'ವಾಹ್' ಎಂದರು. ಆಮೇಲೆ ಚಪ್ಪಾಳೆಯೋ ಚಪ್ಪಾಳೆ. ಡಾಕ್ಟರು ಕಣ್ಣೊರೆಸಿಕೊಂಡರು.

ತಪಾಸಣೆಯವನು ಇಳಿದು ನೇರ ನನ್ನ ಕೋಣೆಯ ಬಾಗಿಲು ತೆಗೆದ. ಕಪ್ಪಾದ ಪುಟ್ಟ ತೆರೆ ನೋಡಿದ. ಏಣಿ, ಬಕೆಟ್ಟು, ಪೊರಕೆಯನ್ನೂ ನಿಧಾನವಾಗಿ ನೋಡಿದ.

"ಆ ಸಾಲು ಯಾರವು?"

"ನನ್ನವು ಸಾರ್."

"ಪದ ತೋರ್ಸೋದು ಒಂದು ತಪ್ಪು. ಕೇಳದೆ ಪದಾನೇ ಬದಲಾಯ್ಸೋದು ಅದಕ್ಕಿಂತ ದೊಡ್ಡ ತಪ್ಪು. ಗೊತ್ತಾಯ್ತಲ್ಲ?"

ಗೊತ್ತಾಯಿತು. ಒಂದನ್ನು ತಪ್ಪಿಸಲು ಹೋಗಿ ಹಾಡುಹಗಲೇ ಇನ್ನೊಂದರಲ್ಲಿ ಸಿಕ್ಕಿಬಿದ್ದಿದ್ದೆ. ಬಾಗಿಲಲ್ಲಿ ಬಂದು ನಿಂತ ಅಕ್ಕನ ಮುಖ ಬಿಳುಚಿತ್ತು. ಆದರೂ ದನಿ ನಡುಗಲಿಲ್ಲ.

"ಬದಲಾಯ್ಸಿದ್ದು ಇವನೇ. ಜನರ ಮುಂದೆ ಹಾಡಿದ್ದು ಯಾರು ಸಾರ್? ಅದನ್ನೂ ಬರೀಬೇಕಾಗುತ್ತಲ್ಲ."

ಆತ ಇನ್ನೂ ಕಿವಿಯಲ್ಲೇ ಇದ್ದ ಇಯರ್‌ಫೋನನ್ನು ತೆಗೆದ. ಅಷ್ಟರಲ್ಲಿ ಡಾಕ್ಟರು ಇಣುಕಿ, "ಸಾರ್, ಆ ಬಕೆಟ್ಟಿಂದು ಇನ್ನೊಂದ್ಸಲ ಆಗ್ಲಿ!" ಎಂದರು.

"ತೆರೆ ಮೇಲೆ ಸಾಲು ಓಡ್ತಿಲ್ಲ," ಎಂದ ಆತ, ಗೋಡೆಗೆ ಹೇಳುವಂತೆ. "ಅಷ್ಟು ಬರೀತೀನಿ. ಮುಂದಿನ ಶನಿವಾರ ಮತ್ತೆ ಬಂದು ಸರಿಯಾದ ಪದ ಹಾಡ್ತೀನಿ. ಇವನೂ ಕಲಿತಿರ್ಲಿ. ಒಂದು ಪದ ಆಚೀಚೆ ಆದ್ರೆ ಆವಾಗ ಬಿಡಲ್ಲ."

ಅಂದಿನಿಂದ ನಿಜವಾದ ಚರಣವನ್ನು ಓದುತ್ತ ಮನೆಯಿಡೀ ತಿರುಗುತ್ತಿದ್ದೆ. ಕಣ್ಣು ಮುಚ್ಚಿದರೆ ಏಣಿ. ಉಸಿರೆಳೆದರೆ ಬಕೆಟ್ಟು. ಅಕ್ಕ ಪೊರಕೆಯನ್ನು ಅಟ್ಟಕ್ಕೆಸೆದು ಒದ್ದೆ ಬಟ್ಟೆಯಲ್ಲಿ ನೆಲ ಒರೆಸುತ್ತಿದ್ದಳು.

ಶುಕ್ರವಾರ ಮಧ್ಯಾಹ್ನ ಫೋನು ಬಂತು. ಸ್ಪೀಕರಿಗೆ ಹಾಕಿದೆ.

"ನೋಡಪ್ಪಾ, ನನ್ ಬಾಯಿಗೂ ಅದೇ ಬರ್ತಿದೆ. ಆಫೀಸಲ್ಲೂ ಬಕೆಟ್ಟೇ. ಏನ್ಮಾಡೋದು? ಗೊತ್ತಾಯ್ತಲ್ಲ..."

ಒಳಗಿನಿಂದ ಅಕ್ಕ ಕಿರುಚಿದಳು: "ಆ ಮನುಷ್ಯನ ದನಿ ಮಾಡ್ಬೇಡ ಅಂತ ಎಷ್ಟು ಸಲ ಹೇಳೋದೋ ಕೋತಿ!"

ಅವಳ ಪಾಲಿಗೆ ಅದು ನನ್ನ ನಕಲಿಯೇ. ನಾನು ಅವಸರದಲ್ಲಿ ಸ್ಪೀಕರು ಆರಿಸಿ ಫೋನು ಕಿವಿಗಿಟ್ಟೆ. ಆತ ಇಟ್ಟಿರಲಿಲ್ಲ, ಉಸಿರು ಕೇಳಿಸುತ್ತಿತ್ತು.