ಹಸಿರು ಮುಖದ ಮರಿಯಮ್ಮ

ನನ್ನ ಅತ್ತೆ ಬಿಲಿಯಾ ಮಾಡಿಟ್ಟ ಕೆಲಸ ನೆನೆದರೆ ಈಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತೇನೆ. ಅವತ್ತು ಮಾತ್ರ ಅವಳ ಜುಟ್ಟು ಹಿಡಿಯುವಷ್ಟು ಸಿಟ್ಟು ಬಂದಿತ್ತು.

ಈಸ್ಟರ್ ಹಬ್ಬದ ಹಿಂದಿನ ದಿನ. ನನ್ನ ಗಂಡ ಮೇಯೊ ಸ್ವಂತ ಹೆಸರಿನಲ್ಲಿ ಬರೆಯುತ್ತಿದ್ದ ಮೊದಲ ಹಲಗೆಚಿತ್ರ ಅದು, ದೇವರ ತಾಯಿ ಮರಿಯಮ್ಮನದು. ಮರುದಿನದ ಮೆರವಣಿಗೆಗೆ ಅದು ಸಿದ್ಧವಾಗದಿದ್ದರೆ ಅದನ್ನು ಬರೆಸುತ್ತಿದ್ದ ಚರ್ಚಿನ ಸಂಘದ ಹಿರಿಯರು ಇನ್ನೆಂದೂ ಅವನಿಗೆ ಕೆಲಸ ಕೊಡುತ್ತಿರಲಿಲ್ಲ. ಚಿನ್ನದ ರೇಕು ಅಂಟಿಸಿಯಾಗಿತ್ತು, ನೀಲಿ ಮೇಲುವಸ್ತ್ರವೂ ಮುಗಿದಿತ್ತು. ಮರಿಯಮ್ಮನ ಮುಖ ಮಾತ್ರ ಹಸಿರಾಗಿಯೇ ಇತ್ತು. ಮುಖಕ್ಕೆ ಮೊದಲು ಹಸಿರು ಬಳಿದು, ಅದರ ಮೇಲೆ ಮೊಟ್ಟೆಯ ಹಳದಿಯಲ್ಲಿ ಕಲಸಿದ ಗುಲಾಬಿ ಬಣ್ಣ ಹಚ್ಚುವುದು ನಮ್ಮ ಪದ್ಧತಿ.

"ನುತಾ, ಮೊಟ್ಟೆ ಒಡಿಯೇ," ಎಂದ ಮೇಯೊ. ಬುಟ್ಟಿಯಿಂದ ಒಂದನ್ನು ತೆಗೆದು ಬಟ್ಟಲಿಗೆ ಕುಟ್ಟಿದೆ. ಏನೂ ಸುರಿಯಲಿಲ್ಲ.

"ಅತ್ತೇ! ಇದನ್ನ ಬೇಯ್ಸಿಬಿಟ್ರಾ?"

"ಎಲ್ಲಾನೂ ಬೇಯ್ಸಿದೀನಿ. ನಾಳೆ ತಿನ್ನೋಕೆ ಮುಂಚೆ ಪಾದ್ರಿ ಹತ್ರ ಆಶೀರ್ವಾದ ಮಾಡಿಸ್ಬೇಡ್ವಾ? ಉಪವಾಸ ಅಂತ ಇಷ್ಟು ದಿನ ಬಾಯಿ ಕಟ್ಕೊಂಡಿದ್ದು ಸಾಲ್ದಾ?"

"ನಿಮ್ಮ ತಲೆನೂ ಬೆಂದುಹೋಗಿದೆ!"

ಹಸಿ ಮೊಟ್ಟೆ ಕೇಳುತ್ತ ಬೀದಿಬೀದಿ ಅಲೆದೆ; ನಮ್ಮ ಸಿಯೆನಾ ಪಟ್ಟಣದ ಮನೆಮನೆಯಲ್ಲೂ ಅದೇ ಕಥೆ. ರೊಟ್ಟಿಯಂಗಡಿಯ ಲಾಪಾ, "ಹಬ್ಬದ ಹಿಂದಿನ ದಿನ ಹಸಿ ಮೊಟ್ಟೆನಾ? ಹುಚ್ಚೇನೇ ನಿಂಗೆ?" ಎಂದು ನಕ್ಕಳು. ಬರಿಗೈಯಲ್ಲಿ ಮರಳಿದರೆ ಮನೆಯಲ್ಲಿ ಅತ್ತೆಯೇ ಇಲ್ಲ! ಮೇಯೊ ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

"ದೇವರ ತಾಯಿಗೆ ಹೊಟ್ಟೆ ತೊಳಸ್ತಿದೆ ಅಂತಾರೆ ಕಣೇ ನಾಳೆ!"

ನನಗೆ ಅಳುವೂ ಬಂತು, ನಗುವೂ ಬಂತು.

ಸಂಜೆಯ ಹೊತ್ತಿಗೆ ಅತ್ತೆ ಏದುಸಿರು ಬಿಡುತ್ತ ಬಂದಳು, ಮಡಿಲ ತುಂಬ ಮೊಟ್ಟೆ. ಬೆಟ್ಟದ ಮೇಲಿನ ತವರೂರಿಗೇ ಓಡಿದ್ದಳು! ಆ ಬೆಟ್ಟದ ಬಿಸಿಲಿಗೆ ಕಪ್ಪಾಗಿದ್ದ ಅವಳಿಗೆ ಬೀದಿಯವರು ಇದ್ದಿಲು ಎಂದೇ ಹೆಸರಿಟ್ಟಿದ್ದರು. ಅದಕ್ಕೇ ಅವಳು ಸದಾ ಮೂಗಿನವರೆಗೆ ಮುಸುಕೆಳೆದುಕೊಂಡು ಓಡಾಡುತ್ತಿದ್ದಳು.

ಮೊಟ್ಟೆ ಒಡೆದರೆ ಒಳಗೆ ಕೆಂಡದಂಥ ಹಳದಿ. ಮೇಯೊ ಕಿರುಚಿದ. "ಹಳ್ಳಿ ಕೋಳಿದು! ಇದು ಮುದುಕ ಸಂತರ ಮುಖಕ್ಕೆ ಕಣಮ್ಮಾ! ಹುಡುಗಿ ಮುಖಕ್ಕೆ ಪೇಟೆ ಕೋಳಿದೇ ಬೇಕು, ಬಿಳಿಚ್ಕೊಂಡಿರೋದು!"

"ಬಳಿಯೋ ಸುಮ್ನೆ! ಹಸಿರಿಗಿಂತ ವಾಸಿ."

ಬಳಿದ. ಮರಿಯಮ್ಮ ಆಗಷ್ಟೇ ಬೆಂದ ರೊಟ್ಟಿಯ ಬಣ್ಣಕ್ಕೆ ತಿರುಗಿದಳು.

ಬೆಳಗ್ಗೆ ಹಲಗೆ ಬೀದಿಗೆ ಬಂದಾಗ ಜನ ಕತ್ತು ಚಾಚಿ ನೋಡಿದರು. ಹಿರಿಯರ ಹುಬ್ಬು ಗಂಟಿಕ್ಕಿತು. ಅಷ್ಟರಲ್ಲಿ ದ್ರಾಕ್ಷಿತೋಟದ ಹೆಂಗಸೊಬ್ಬಳು ಕೂಗಿದಳು: "ನೋಡ್ರೇ, ನಮ್ ಥರಾನೇ ಬಿಸಿಲು ಕಂಡೋಳು!"

ಆಮೇಲೆ ಕೇಳಬೇಕೇ! ಹಾಡೇನು, ನೂಕುನುಗ್ಗಲೇನು! ಹಿರಿಯರೇ ಮೇಯೊನ ಬೆನ್ನು ತಟ್ಟಿ, "ಮುಂದಿನದೂ ನಿಂದೇ ಕಣಪ್ಪಾ," ಎಂದರು. ನಾನು ನಡುಬೀದಿಯಲ್ಲೇ ಕುಣಿದುಬಿಟ್ಟೆ.

ಕುಣಿಯುತ್ತಲೇ ಅತ್ತೆಯನ್ನು ಹುಡುಕಿದೆ. ಲಾಪಾಳ ಪಕ್ಕದಲ್ಲಿ ನಿಂತಿದ್ದಳು. ಮುಸುಕು ಹೆಗಲ ಮೇಲಿತ್ತು, ಮುಖ ಬಿಸಿಲಿಗೆ ತೆರೆದಿತ್ತು. ಲಾಪಾಳನ್ನು ಮೊಣಕೈಯಲ್ಲಿ ತಿವಿದು ಹೇಳುತ್ತಿದ್ದಳು:

"ನೋಡೇ, ನನ್ ಬಣ್ಣ."